ಬಿಳಿ ಗೊಂಬೆಗೊಂದು ಮುಖ, ಮುಖಕ್ಕೊಂದು ಕಥೆ

ಬಣ್ಣವಿಲ್ಲದ ವಿನೈಲ್ ಗೊಂಬೆಗೆ ರೂಪ ಕೊಟ್ಟು, ಅದೇ ಪಾತ್ರವನ್ನು ಕಾಮಿಕ್ಸ್‌ಗೆ ಇಳಿಸುವ ಹವ್ಯಾಸದ ಪರಿಚಯ

ದುಂಡನೆಯ ದೊಡ್ಡ ತಲೆ, ಎರಡೂ ಬದಿ ಅಗಲ ಕಿವಿ, ಮೊಟಕು ಕೈಕಾಲು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ, ಮೈಯೆಲ್ಲ ಬಿಳಿ. ಅಮೆರಿಕದ ಕಿಡ್‌ರೋಬಾಟ್ ಸಂಸ್ಥೆ 2005ರಲ್ಲಿ ಹೊರತಂದ ‘ಮನ್ನಿ’ ಗೊಂಬೆ ಇದು. ಡಬ್ಬಿಯಿಂದ ತೆಗೆದಾಗ ಅದು ಯಾರೂ ಅಲ್ಲ. ಹುರಿಮೀಸೆ ಬರೆದರೆ ಊರ ಪಟೇಲ, ರೆಕ್ಕೆ ಅಂಟಿಸಿದರೆ ಜಟಾಯು, ಖಾಕಿ ಬಳಿದು ಹೆಗಲಿಗೊಂದು ಚೀಲ ತೊಡಿಸಿದರೆ ಬಸ್ ಕಂಡಕ್ಟರ್. ಕೊಂಡವರೇ ಪೂರ್ತಿ ಮಾಡಲಿ ಎಂದೇ ಅದನ್ನು ಹೀಗೆ ಬರಿದಾಗಿ ಮಾರುತ್ತಾರೆ.

ಪಾಲ್ ಬಡ್ನಿಟ್ಜ್ 2002ರಲ್ಲಿ ಕಿಡ್‌ರೋಬಾಟ್ ಕಟ್ಟಿದರು. ಕಲಾವಿದ ಟ್ರಿಸ್ಟನ್ ಈಟನ್ ಜತೆ ಸೇರಿ ಅವರು ಮನ್ನಿಗೆ ಆಕಾರ ಕೊಟ್ಟರು. ಈ ಸಂಸ್ಥೆಯ ಗೊಂಬೆಗಳಿಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲೂ ಜಾಗ ಸಿಕ್ಕಿದೆ.

ಹುಟ್ಟಿದ್ದು ಹಾಂಗ್‌ಕಾಂಗಿನಲ್ಲಿ

ಈ ಕಲೆಯ ಬೇರು ಹುಡುಕಿದರೆ ಹಾಂಗ್‌ಕಾಂಗಿನ ಚಿತ್ರಕಾರ ಮೈಕಲ್ ಲಾವ್ ಸಿಗುತ್ತಾರೆ. ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳ ಬಟ್ಟೆ, ತಲೆ ಬದಲಿಸಿ ಕೈ ಪಳಗಿಸಿಕೊಂಡವರು ಅವರು. 1998ರಲ್ಲಿ ‘ಈಸ್ಟ್ ಟಚ್’ ಪತ್ರಿಕೆಗೆ ‘ಗಾರ್ಡನರ್’ ಎಂಬ ಕಾಮಿಕ್ಸ್ ಬರೆದರು. ಸ್ಕೇಟ್‌ಬೋರ್ಡ್ ಹಿಡಿದು ಬೀದಿ ಸುತ್ತುವ ಹುಡುಗರೇ ಅದರ ಪಾತ್ರಗಳು. ಮರುವರ್ಷ ಆ ಪಾತ್ರಗಳೇ 12 ಇಂಚಿನ 99 ಗೊಂಬೆಗಳಾಗಿ ಹಾಂಗ್‌ಕಾಂಗ್ ಆರ್ಟ್ಸ್ ಸೆಂಟರಿನಲ್ಲಿ ಪ್ರದರ್ಶನಕ್ಕೆ ಬಂದವು. ಮಕ್ಕಳ ಆಟಕ್ಕಲ್ಲದೆ ಕಲಾಕೃತಿಯಾಗಿಯೂ ಗೊಂಬೆ ಮಾಡಬಹುದು ಎಂಬ ಮಾತಿಗೆ ಅಲ್ಲಿಂದ ಬಲ ಬಂತು. ಟೋಕಿಯೊದ ಮೆಡಿಕಾಮ್ ಟಾಯ್ 2001ರಲ್ಲಿ ‘ಬೇರ್‌ಬ್ರಿಕ್’ ತಂದಿತು. ಏಳು ಸೆಂಟಿಮೀಟರಿನ ಒಂದೇ ಕರಡಿ ಆಕಾರದ ಮೇಲೆ ಅಂದಿನಿಂದ ಅಸಂಖ್ಯ ಕಲಾವಿದರು ತಮ್ಮ ಚಿತ್ತಾರ ಬರೆದಿದ್ದಾರೆ.

ಲಾವ್ ಅವರ ಗೊಂಬೆಗಳು ಕಾಮಿಕ್ಸ್‌ನಿಂದ ಎದ್ದು ಬಂದವು ಎಂಬುದನ್ನು ಗಮನಿಸಬೇಕು. ಗೊಂಬೆ ಮಾಡುವುದು, ಕಾಮಿಕ್ಸ್ ಬರೆಯುವುದು ಎರಡು ಬೇರೆ ಹವ್ಯಾಸಗಳೆಂದು ನಾವು ಎಣಿಸುತ್ತೇವೆ. ನಿಜಕ್ಕೂ ಎರಡರ ಕೆಲಸವೂ ಒಂದೇ: ಒಂದು ಪಾತ್ರವನ್ನು ಕಂಡುಕೊಳ್ಳುವುದು. ಗೊಂಬೆಯಲ್ಲಿ ಅದು ಎಲ್ಲ ಮಗ್ಗುಲಿಂದಲೂ ಕಾಣುತ್ತದೆ. ಕಾಮಿಕ್ಸ್‌ನಲ್ಲಿ ಅದು ಮಾತಾಡುತ್ತದೆ, ಓಡಾಡುತ್ತದೆ. ಜೋಡಿಯಾಗಿ ಮಾಡಿದಾಗಲೇ ಈ ಹವ್ಯಾಸದ ಪೂರ್ಣ ಸುಖ.

ಬಣ್ಣಕ್ಕೆ ಮುಂಚಿನ ಕೆಲಸ

ವಿನೈಲ್ ಗೊಂಬೆ ಒಳಗೆ ಟೊಳ್ಳು. ದ್ರವರೂಪದ ಪಿವಿಸಿಯನ್ನು ಲೋಹದ ಅಚ್ಚಿಗೆ ಹುಯ್ದು ಕಾಯಿಸಿದಾಗ ಅದು ಅಚ್ಚಿನ ಒಳಗೋಡೆಗೆ ಪದರವಾಗಿ ಕಟ್ಟಿಕೊಳ್ಳುತ್ತದೆ. ಇನ್ನೂ ಬಿಸಿಯಾಗಿ ಮೆತ್ತಗಿರುವಾಗಲೇ ಅದನ್ನು ಎಳೆದು ತೆಗೆಯುತ್ತಾರೆ. ಹೊಸ ಗೊಂಬೆಯ ಮೈಮೇಲೆ ಎಣ್ಣೆಯ ಪಸೆ ಉಳಿದಿರಬಹುದು. ಹಾಗಾಗಿ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸುವುದೇ ಮೊದಲ ಹೆಜ್ಜೆ. ತಲೆ, ಕೈಗಳನ್ನು ಬಿಡಿಸಬೇಕಿದ್ದರೆ ಬಿಸಿನೀರಿನಲ್ಲಿ ಕೆಲಹೊತ್ತು ಇಡಿ, ಇಲ್ಲವೇ ಹೇರ್ ಡ್ರೈಯರ್ ಹಿಡಿಯಿರಿ; ವಿನೈಲ್ ಮೆತ್ತಗಾಗಿ ಕೀಲು ಸಡಿಲುತ್ತದೆ.

ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿದರೆ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ. ಬಣ್ಣದಲ್ಲಿ ಅಕ್ರಿಲಿಕ್ಕೇ ಕ್ಷೇಮ. ವಿನೈಲನ್ನು ಮೃದುವಾಗಿಡಲು ಬೆರೆಸಿದ ರಾಸಾಯನಿಕ ನಿಧಾನವಾಗಿ ಹೊರಗೆ ಒಸರುತ್ತಿರುತ್ತದೆ. ಕೆಲವು ಎನಾಮಲ್ ಮತ್ತು ಸ್ಪ್ರೇ ಬಣ್ಣಗಳು ಅದರ ಜತೆ ಸೇರಿ ಎಷ್ಟು ದಿನವಾದರೂ ಅಂಟಂಟಾಗಿಯೇ ಉಳಿಯುತ್ತವೆ. ಯಾವ ಸ್ಪ್ರೇ ಆದರೂ ಮೊದಲು ಅಂಗಾಲಿನ ಮೇಲೆ ಹೊಡೆದು ನೋಡಿ. ಬಣ್ಣವನ್ನು ಒಮ್ಮೆಗೇ ದಪ್ಪಗೆ ಬಳಿಯದೆ ತೆಳುವಾಗಿ ಎರಡು ಮೂರು ಕೋಟ್ ಕೊಡಬೇಕು. ಪ್ರತಿ ಕೋಟ್ ಪೂರ್ತಿ ಆರುವವರೆಗೆ ಕಾಯಬೇಕು.

ಕಂಡಕ್ಟರನ ಚೀಲ, ಟೋಪಿಯಂಥ ಉಬ್ಬು ಭಾಗಗಳಿಗೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಾಕು. ಗ್ಲೌಸ್ ತೊಟ್ಟು ಎರಡೂ ಭಾಗ ಸಮವಾಗಿ ನಾದಿ, ಬೆರಳು ಒದ್ದೆ ಮಾಡಿಕೊಂಡು ಮೆತ್ತಿದರೆ ಬೇಕಾದ ಆಕಾರ ಬರುತ್ತದೆ. ಗಟ್ಟಿಯಾದ ಮೇಲೆ ಉಜ್ಜಿ ಬಣ್ಣ ಹಚ್ಚಬಹುದು. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಒಂದು ಕೋಟ್.

ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ಕಣ್ಣು. ಅದನ್ನು ನೇರವಾಗಿ ಬಣ್ಣದಲ್ಲಿ ಬರೆಯಬೇಡಿ. ಕಪ್ಪು ಕಾಗದದಲ್ಲಿ ಎರಡು ಬೊಟ್ಟು ಕತ್ತರಿಸಿ ಟೇಪಿನಿಂದ ಅಂಟಿಸಿ, ಜಾಗ ಬದಲಿಸುತ್ತ ನೋಡಿ. ಮುಖದ ಕೆಳಭಾಗದಲ್ಲಿ ದೂರ ದೂರ ಇಟ್ಟರೆ ಗೊಂಬೆ ಮಗುವಾಗುತ್ತದೆ. ಮೇಲಕ್ಕೆ, ಹತ್ತಿರ ಹತ್ತಿರ ತಂದರೆ ಲೆಕ್ಕ ಹಾಕುವ ಗಟ್ಟಿಗನಾಗುತ್ತದೆ. ಒಂದು ಕಣ್ಣನ್ನು ಎರಡು ಮಿಲಿಮೀಟರ್ ಇಳಿಸಿದರೂ ಸಾಕು, ಬೆಳಗಿನ ಟ್ರಿಪ್ ಮುಗಿಸಿ ದಣಿದ ಕಂಡಕ್ಟರ್ ಎದುರಿಗೆ ನಿಲ್ಲುತ್ತಾನೆ.

ಒಂದು ಹಾಳೆ, ಎಂಟು ಪುಟ

ಇನ್ನು ಅವನಿಗೆ ಕಥೆ ಬೇಕು. ಒಂದು ಎ-4 ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಚಿ ಬಿಚ್ಚಿದರೆ ಎಂಟು ಮನೆಗಳಾಗುತ್ತವೆ. ನಡುಗೆರೆಯಲ್ಲಿ ಮಧ್ಯದ ಎರಡು ಮನೆಗಳಷ್ಟು ಉದ್ದ ಕತ್ತರಿಸಿ, ಹಾಳೆಯನ್ನು ಉದ್ದಕ್ಕೆ ಮಡಚಿ ಎರಡೂ ತುದಿಯಿಂದ ಒಳಕ್ಕೆ ಒತ್ತಿದರೆ ಪುಟ್ಟ ಪುಸ್ತಕ ಸಿದ್ಧ. ಪಿನ್ನೂ ಬೇಡ, ಅಂಟೂ ಬೇಡ. ಎಂಟೂ ಪುಟ ಹಾಳೆಯ ಒಂದೇ ಮಗ್ಗುಲಲ್ಲಿ ಇರುವುದರಿಂದ ಜೆರಾಕ್ಸ್ ಅಂಗಡಿಯಲ್ಲಿ ಎಷ್ಟು ಪ್ರತಿ ಬೇಕಾದರೂ ತೆಗೆಸಬಹುದು.

ಮುಂದಿನ, ಹಿಂದಿನ ರಕ್ಷಾಪುಟ ಬಿಟ್ಟರೆ ಕಥೆಗೆ ಸಿಗುವುದು ಆರು ಪುಟ. ಮುಂಜಾನೆಯ ಮೊದಲ ಟ್ರಿಪ್ಪಿನಲ್ಲೇ ಒಬ್ಬರು ಐನೂರರ ನೋಟು ಚಾಚಿದರು. ಕಂಡಕ್ಟರನ ಬಳಿ ಚಿಲ್ಲರೆ ಇಲ್ಲ. ಅಷ್ಟರಿಂದಲೇ ಆರು ಪುಟ ತುಂಬುತ್ತದೆ. ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ ವಿವರಿಸಿದಂತೆ, ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗದಲ್ಲಿ ನಡೆದದ್ದನ್ನು ಓದುಗರೇ ಊಹಿಸಿ ತುಂಬಿಕೊಳ್ಳುತ್ತಾರೆ. ಒಂದು ಚೌಕದಲ್ಲಿ ನೋಟು ಚಾಚಿದ ಕೈ, ಮುಂದಿನದರಲ್ಲಿ ಇಡೀ ಬಸ್ಸು ಜೇಬು ತಡಕುತ್ತಿರುವುದು: ನಡುವಿನ ಮಾತುಕತೆ ಬರೆಯಬೇಕಿಲ್ಲ. ಇದೇ ಮೆಕ್ಲೌಡ್ 1990ರಲ್ಲಿ, 24 ಗಂಟೆಯೊಳಗೆ 24 ಪುಟದ ಕಾಮಿಕ್ಸ್ ಮುಗಿಸುವ ಪಂಥ ಹುಟ್ಟುಹಾಕಿದರು. ಚೆಂದ ಮಾಡುವ ಹಂಬಲದಲ್ಲಿ ಮುಗಿಸದೆ ಉಳಿಯುವುದಕ್ಕಿಂತ ಮುಗಿಸಿ ಕಲಿಯುವುದು ಮೇಲು ಎಂಬುದು ಆ ಪಂಥದ ತಿರುಳು. ಆರು ಪುಟಕ್ಕೂ ಅದು ಸಲ್ಲುತ್ತದೆ.

ಕೈಯಲ್ಲಿ ಗೊಂಬೆ ಇದ್ದರೆ ಚಿತ್ರ ಬರೆಯುವುದು ಸುಲಭ. ಬೆನ್ನು ಹೇಗೆ ಕಾಣುತ್ತದೆ, ಟೋಪಿಯ ನೆರಳು ಎಲ್ಲಿ ಬೀಳುತ್ತದೆ ಎಂದು ಮೇಜಿನ ದೀಪದ ಕೆಳಗೆ ತಿರುಗಿಸಿ ನೋಡಬಹುದು. ಪುಟದಿಂದ ಪುಟಕ್ಕೆ ಪಾತ್ರದ ಮುಖ ಬದಲಾಗುವ ತೊಂದರೆ ತಪ್ಪುತ್ತದೆ.

ಕನ್ನಡದಲ್ಲಿ ಬರೆಯುವವರು ಅಕ್ಷರಕ್ಕೆ ಹೆಚ್ಚು ಗಮನ ಕೊಡಬೇಕು. ನಮ್ಮ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ; ಇಕ್ಕಟ್ಟಿನಲ್ಲಿ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ‘ಚಿಲ್ಲರೆಯಿಲ್ಲದಿದ್ದರೆ’ ಎಂಬ ಒಂದೇ ಪದ ಇಡೀ ಗುಳ್ಳೆಯನ್ನು ನುಂಗುತ್ತದೆ. ಆದ್ದರಿಂದ ಮಾತನ್ನು ಮೊದಲು ಬರೆದು, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ. ಪದಗಳನ್ನು ಬಿಡಿಸಿ, ಆಡುಮಾತಿನಲ್ಲೇ ಬರೆಯಿರಿ: ‘ಚಿಲ್ರೆ ಕೊಡ್ರೀ’ ಎಂದರೆ ಜಾಗವೂ ಉಳಿಯಿತು, ಕಂಡಕ್ಟರನ ದನಿಯೂ ಬಂತು.

ನಮ್ಮ ನೆಲದಲ್ಲಿ

ಹೊರದೇಶದ ಬಿಳಿ ಗೊಂಬೆ ತರಿಸುವುದು ದುಬಾರಿಯಾದರೆ ಅಟ್ಟದ ಮೇಲಿನ ಹಳೆಯ ಪ್ಲಾಸ್ಟಿಕ್ ಗೊಂಬೆ ಇಳಿಸಿ, ತೊಳೆದು, ಬಿಳಿ ಪ್ರೈಮರ್ ಹೊಡೆಯಿರಿ. ಬಣ್ಣ ಹಚ್ಚದ ಮರದ ಗೊಂಬೆಯೂ ಆದೀತು. ಗೊಂಬೆಗೆ ತಮ್ಮದೇ ರೂಪ ಕೊಡುವುದು ನಮ್ಮವರಿಗೆ ಹೊಸತಲ್ಲ. ದಸರೆಯ ಪಟ್ಟದ ಗೊಂಬೆಗಳಿಗೆ ಮೈಸೂರು ಸೀಮೆಯ ಮನೆಗಳಲ್ಲಿ ಹೆಂಗಸರು ಜರಿಬಟ್ಟೆ ಹೊಲಿದು, ಮಣಿ ಪೋಣಿಸಿ ಸಿಂಗರಿಸುತ್ತ ಬಂದಿದ್ದಾರೆ. ಕಾಮಿಕ್ಸ್ ಓದುವ ರೂಢಿಯೂ ನಮಗೆ ಹಳೆಯದು. ‘ಅಮರ ಚಿತ್ರಕಥೆ’ ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಇನ್ನು ಬೆಳೆಯಬೇಕಾದದ್ದು ಸ್ವಂತ ಪಾತ್ರವನ್ನು ಮಾಡಿ, ಮುಗಿಸಿ, ನಾಲ್ಕು ಜನರಿಗೆ ಹಂಚುವ ಅಭ್ಯಾಸ. ಕಂಡಕ್ಟರ್, ಹೂ ಮಾರುವಾಕೆ, ಸಂತೆಯ ದಲ್ಲಾಳಿ, ಶಾಲೆಯ ಬಿಸಿಯೂಟದ ಅಡುಗೆಯವರು, ಇವರು ಯಾವ ದೊಡ್ಡ ಕಂಪನಿಯ ಕಾಮಿಕ್ಸ್‌ನಲ್ಲೂ ನಾಯಕರಾಗಿ ಬರುವುದಿಲ್ಲ. ಅವರನ್ನು ದಿನವೂ ಕಾಣುವ ನಾವೇ ಅವರ ಮುಖ ಬರೆಯಬೇಕು, ಅವರ ಮಾತು ಬರೆಯಬೇಕು.