ಅಡಿಕೆಯ ನೆರಳಿಗೆ ಬಣ್ಣದ ಕೆಸು

ಎಲೆಯಂಚಿಗೆ ಬಿಳಿ, ಹಳದಿ ಪಟ್ಟಿಯಿರುವ ಹೋಸ್ಟಾ ಗಿಡದ ಚಿತ್ರ ಕಂಡವರಿಗೆ ಅದನ್ನು ತೋಟದ ನೆರಳಿನಲ್ಲಿ ಬೆಳೆಸುವ ಆಸೆ ಹುಟ್ಟುವುದು ಸಹಜ. ಆದರೆ ಜಪಾನ್, ಕೊರಿಯಾ, ಚೀನಗಳ ಈ ಗಿಡ ಪ್ರತಿ ವರ್ಷ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು. ಕಾರವಾರ, ಅಂಕೋಲೆಗಳಲ್ಲಿ ಆ ಚಳಿಯಿಲ್ಲ. ಹಣ ಕೊಟ್ಟು ತಂದರೂ ಗಿಡ ಸೊರಗುತ್ತದೆ. ಅದರ ಬದಲು ನಾವು ಸೂಚಿಸುವುದು ಕ್ಯಾಲಾಡಿಯಂ, ಅಂದರೆ ಬಣ್ಣದ ಕೆಸು. ದಕ್ಷಿಣ ಅಮೆರಿಕ ಮೂಲದ ಈ ಗಡ್ಡೆ ಗಿಡ ಒಣ ಹವೆಯಲ್ಲಿ ಮಲಗಿ, ಮಳೆಗೆ ಏಳುತ್ತದೆ.

ನಾಟಿ

ಮೇ ಕೊನೆಯ ಮಳೆ ಬೀಳುತ್ತಲೇ ಗಡ್ಡೆಯನ್ನು ಸುಮಾರು 2 ಅಂಗುಲ ಆಳದಲ್ಲಿ ನೆಡಬೇಕು. ದೊಡ್ಡ ಗಡ್ಡೆಯಾದರೆ ಪ್ರತಿ ತುಂಡಿಗೂ ಒಂದು ಕಣ್ಣಿರುವಂತೆ ಕೊಯ್ದು, ಗಾಯ ಒಣಗಿದ ಮೇಲೆ ನೆಡುವುದು. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ನಮ್ಮಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುವುದು ಖಂಡಿತ. ಆದ್ದರಿಂದ ಏರು ಮಡಿಯೇ ಬೇಕು, ಬಸಿಗಾಲುವೆ ಹತ್ತಿರವಿರಬೇಕು. ಕಾಳುಮೆಣಸಿನ ಬುಡದಲ್ಲಿ ಮಾತ್ರ ಅಗೆಯಬೇಡಿ. ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ದಾರಿ ಮಾಡಿಕೊಟ್ಟಂತೆ.

ಬಣ್ಣ ಉಳಿಯಲು

ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ನೇರ ಬಿಸಿಲಿಗೆ ಅದು ಸುಡುತ್ತದೆ. ಗಾಢ ನೆರಳಿನಲ್ಲಿ ದಂಟು ಉದ್ದವಾಗಿ ಬಣ್ಣ ಮಾಸುತ್ತದೆ. ಸೋಗೆಗಳ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲೇ ಹಿತ. ಯೂರಿಯಾ ಹೆಚ್ಚಾದರೆ ಹಸಿರು ಮಿಗುತ್ತದೆ. ಕೊಟ್ಟಿಗೆ ಗೊಬ್ಬರ, ದರಕಿನ ಹೊದಿಕೆ ಸಾಕು. ಮಳೆಗಾಲದಲ್ಲಿ ಬಸವನಹುಳು ಎಲೆ ತಿನ್ನುತ್ತದೆ. ಸಂಜೆ ಹೆಕ್ಕಿ ನಾಶಪಡಿಸಬೇಕು.

ಎಲೆ ಬಾಡಿದಾಗ ಗಿಡ ಸತ್ತಿತೆಂದು ತಿಳಿಯಬೇಡಿ. ಬೇಸಿಗೆಯಲ್ಲಿ ನೀರು ಹಾಯಿಸುವ ತೋಟದಲ್ಲಿ ಮಲಗಿದ ಗಡ್ಡೆ ಕೊಳೆಯುವ ಭಯವಿದೆ. ಕಿತ್ತು ಒಣ ಮರಳಿನಲ್ಲಿಟ್ಟು, ಮುಂದಿನ ಮಳೆಗೆ ನೆಡುವುದು ಲೇಸು.

ಎಚ್ಚರಿಕೆ

ಇದು ಮುಖ್ಯವಾದ ಮಾತು. ಬಣ್ಣದ ಕೆಸುವಿನ ಎಲೆ, ದಂಟು, ಗಡ್ಡೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ತಿಂದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಮಕ್ಕಳಿಗೂ ದನಕರುಗಳಿಗೂ ಅಪಾಯ. ಆಷಾಢದಲ್ಲಿ ಪತ್ರೊಡೆಗೆ ಕೆಸುವಿನೆಲೆ ಕೊಯ್ಯುವ ಮನೆಗಳಲ್ಲಿ ಎರಡನ್ನೂ ಅಕ್ಕಪಕ್ಕ ನೆಡಲೇಬಾರದು. ಹಸಿರು ಮಿಕ್ಕ ಎಲೆಯನ್ನು ಮಬ್ಬು ಬೆಳಕಿನಲ್ಲಿ ಊಟದ ಕೆಸುವೆಂದು ಕೊಯ್ಯುವುದು ಸುಲಭ. ಹುಳಿ ಹಾಕಿ ಬೇಯಿಸಿದರೂ ಇದು ಅಡುಗೆಯ ಸೊಪ್ಪಲ್ಲ. ಡೀಫೆನ್‌ಬೇಕಿಯಾ ಗಿಡಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಎಲೆ ಅಗಿದವರ ಬಾಯಿ ತೊಳೆಸಿ, ಊತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಆದಾಯದ ಮಾತೆಂದರೆ, ತೋಟಕ್ಕೆ ಅಡಿಕೆ, ಮೆಣಸುಗಳೇ ಆಧಾರ. ಮೊದಲು ಅಂಗಳದಂಚಿನಲ್ಲಿ ಹತ್ತು ಗಡ್ಡೆ ನೆಟ್ಟು ನೋಡಿ. ಒಂದು ಮಳೆಗಾಲ ನಿಂತರೆ, ಮರಿಗಡ್ಡೆಗಳನ್ನು ಕುಂಡದಲ್ಲಿ ಬೆಳೆಸಿ ಮಾರುವ ವಿಚಾರ ಮಾಡಬಹುದು. ಆದರೆ ಕೊಳ್ಳುವವರಿಗೂ ಈ ಎಚ್ಚರಿಕೆಯನ್ನು ಹೇಳಿಯೇ ಕೊಡತಕ್ಕದ್ದು.