ತೆರೆದ ಕಿಟಕಿಯೂ ಧ್ವನಿಮುದ್ರಣದ ಕೊಠಡಿಯೂ

ಮನೆಯಲ್ಲಿಯೇ ಮಕ್ಕಳ ಸಂಗೀತವನ್ನೋ ಹಿರಿಯರ ಹಾಡುಗಳನ್ನೋ ಧ್ವನಿಮುದ್ರಣ ಮಾಡಿಕೊಳ್ಳುವುದು ಈಗ ಸುಲಭಸಾಧ್ಯವಾಗಿದೆ. ಯಂತ್ರಕ್ಕೆ ಕೊರತೆಯಿಲ್ಲ, ತೊಂದರೆಯೆಲ್ಲ ಕೊಠಡಿಯದು. ಬೀದಿಯ ಗದ್ದಲ ಒಳಕ್ಕೆ ಬರಬಾರದು. ಒಳಗಿನ ಗಾನ ನೆರೆಯವರ ನಿದ್ದೆಗೆಡಿಸಬಾರದು. ಹಾಡಿದ ಸ್ವರ ಗೋಡೆಯಿಂದ ಗೋಡೆಗೆ ಪುಟಿದು ಗುಂಯ್‌ಗುಟ್ಟಲೂ ಬಾರದು. ಈ ಮೂರಕ್ಕೂ ಮದ್ದೊಂದೇ ಎಂದು ನಂಬಿ ಗೋಡೆಗೆ ಸ್ಪಂಜಿನ ಹಲಗೆಗಳನ್ನೋ ಮೊಟ್ಟೆಯ ತಟ್ಟೆಗಳನ್ನೋ ಅಂಟಿಸುವವರು ಬಹುಮಂದಿ. ಈ ನಂಬಿಕೆ ತಪ್ಪೆಂಬುದಕ್ಕೆ ಒಂದು ತೆರೆದ ಕಿಟಕಿಯೇ ಸಾಕ್ಷಿ.

೧೮೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದು ಯಾರಿಗೂ ಬೇಡವಾಗಿತ್ತು. ಆಡಿದ ಮಾತು ಅಲ್ಲಿ ಐದೂವರೆ ಸೆಕೆಂಡಿನವರೆಗೂ ಅಡಗದೆ, ಮುಂದಿನ ಮಾತುಗಳೊಡನೆ ಕಲಸಿಹೋಗುತ್ತಿತ್ತು. ಇದನ್ನು ಸರಿಪಡಿಸುವ ಹೊಣೆ ವಾಲೇಸ್ ಸ್ಯಾಬಿನ್ ಎಂಬ ತರುಣ ಭೌತಶಾಸ್ತ್ರಜ್ಞರ ಪಾಲಿಗೆ ಬಂದಿತು. ಅವರು ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿ ತರಿಸಿ ಹಾಸುವರು. ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ ನಿಲ್ಲಿಸುವರು. ನಾದ ಅಡಗುವ ಹೊತ್ತನ್ನು ಗುರುತಿಸುವರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುವರು. ಮೆತ್ತೆ ಹೆಚ್ಚಿದಂತೆಲ್ಲ ಗುಂಯ್‌ಕಾರ ತಗ್ಗಿತು. ತೊಟ್ಟ ಬಟ್ಟೆಯೂ ನಾದವನ್ನು ಹೀರುವುದೆಂದು ತಿಳಿದಮೇಲೆ ಪ್ರಯೋಗಕ್ಕೆ ಒಂದೇ ಉಡುಪನ್ನು ಧರಿಸತೊಡಗಿದರಂತೆ! ಈ ಶ್ರಮದಿಂದ ದೊರೆತ ಸೂತ್ರವನ್ನನುಸರಿಸಿಯೇ ಬಾಸ್ಟನ್ನಿನ ಸಿಂಫನಿ ಹಾಲ್ ನಿರ್ಮಾಣವಾಗಿ ೧೯೦೦ರಲ್ಲಿ ತೆರೆಯಿತು.

ಹೀರುವ ಶಕ್ತಿಗೆ ಸ್ಯಾಬಿನ್ನರು ಹಿಡಿದ ಅಳತೆಗೋಲು ತೆರೆದ ಕಿಟಕಿ. ಅದರ ಮೂಲಕ ಹೋದ ನಾದ ಮರಳಿ ಬಾರದಷ್ಟೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಬರಿಯ ಗಾರೆಗೋಡೆಯ ಕೊಠಡಿಯಲ್ಲಿ ನಾದವು ಸುಮಾರು ೩ ಸೆಕೆಂಡು ನಿಲ್ಲುವುದೆಂದು ಅವರ ಸೂತ್ರದಿಂದ ಲೆಕ್ಕ ಬರುತ್ತದೆ. ಅದನ್ನು ಅರ್ಧ ಸೆಕೆಂಡಿಗಿಳಿಸಲು ೧೨೦ ಚದರ ಅಡಿ ತೆರೆದ ಕಿಟಕಿಗೆ ಸಮನಾದ ಹೀರುವಿಕೆ ಬೇಕು. ಆದರೆ ವಾಚಕರೇ, ಅದೇ ಕಿಟಕಿಯಿಂದ ಬೀದಿಯೆಲ್ಲವೂ ಒಳಕ್ಕೆ ಬರುವುದಲ್ಲವೆ? ಹೀರುವುದು ಬೇರೆ, ತಡೆಯುವುದು ಬೇರೆ.

ತಡೆಯುವುದಕ್ಕೆ ಬೇಕಾದುದು ತೂಕ. ಗೋಡೆಯ ತೂಕ ಇಮ್ಮಡಿಯಾದರೂ ತಡೆ ಏರುವುದು ಸುಮಾರು ೬ ಡೆಸಿಬೆಲ್ ಮಾತ್ರ. ಶಬ್ದ ಅರ್ಧಕ್ಕಿಳಿಯಿತೆಂದು ಕಿವಿಗೆ ತೋರಲು ೧೦ರಷ್ಟಾದರೂ ಇಳಿಯಬೇಕು. ಬಾಗಿಲ ಕೆಳಗಣ ಒಂದು ಬಿರುಕು ದಪ್ಪ ಗೋಡೆಯ ಶ್ರಮವನ್ನೆಲ್ಲ ವ್ಯರ್ಥಗೊಳಿಸಬಲ್ಲುದು. ಆದುದರಿಂದಲೇ ಬಲ್ಲವರು ಒಂದಕ್ಕೊಂದು ತಾಗದ ಎರಡು ಗೋಡೆಗಳನ್ನೆಬ್ಬಿಸಿ, ಕೊಠಡಿಯೊಳಗೊಂದು ಕೊಠಡಿಯನ್ನು ರಬ್ಬರಿನ ಮೇಲೆ ಕೂರಿಸುವರು. ಲಂಡನ್ನಿನಲ್ಲಿ ೧೯೩೨ರಲ್ಲಿ ತೆರೆದ ಬಿ.ಬಿ.ಸಿ.ಯ ಸೌಧದಲ್ಲಿ ಧ್ವನಿಶಾಲೆಗಳನ್ನು ನಡುವಣ ಇಟ್ಟಿಗೆಯ ಗೋಪುರದಲ್ಲಿಟ್ಟು ಸುತ್ತಲೂ ಕಚೇರಿಗಳನ್ನು ಕಟ್ಟಿದರು. ಬೀದಿಯ ಸದ್ದು ನಿಂತಿತು. ನೆಲದಡಿಯ ರೈಲಿನ ಗುಡುಗು ಮಾತ್ರ ನೆಲದ ಮೂಲಕವೇ ಒಳಹೊಕ್ಕಿತು. ಇನ್ನು ಮೊಟ್ಟೆಯ ತಟ್ಟೆ! ಹಗುರವಾದ ಕಾಗದ; ತಡೆಯಲಾರದು, ಹೀರುವುದೂ ಅತ್ಯಲ್ಪ.

ಈ ಗೊಂದಲದಿಂದ ಹಣವಷ್ಟೇ ಹೋದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅಮೆರಿಕದ ವೆಸ್ಟ್ ವಾರ್ವಿಕ್ ಎಂಬ ಊರಿನ 'ಸ್ಟೇಷನ್' ಎಂಬ ಗಾನಶಾಲೆಯ ಸದ್ದಿನ ಮೇಲೆ ನೆರೆಯವರು ದೂರಿತ್ತರು. ವೇದಿಕೆಯ ಸುತ್ತ ಪಾಲಿಯುರೆಥೇನ್ ಸ್ಪಂಜನ್ನು ಅಂಟಿಸಲಾಯಿತು. ೨೦೦೩ನೆಯ ಫೆಬ್ರವರಿ ೨೦ರ ರಾತ್ರಿ ಬಾಣಬಿರುಸಿನ ಕಿಡಿ ಅದಕ್ಕೆ ತಾಗಿತು. ನಿಮಿಷಗಳೊಳಗೆ ಕಟ್ಟಡವು ಹೊಗೆಯಿಂದಲೂ ಉರಿಯಿಂದಲೂ ತುಂಬಿತು. ೧೦೦ ಮಂದಿ ಸತ್ತರು. ಕಿರುಕೊಠಡಿಯಲ್ಲಿ ಗೋಡೆ, ಚಾವಣಿ, ಬಾಗಿಲುಗಳಿಗೆಲ್ಲ ಅಗ್ಗದ ಸ್ಪಂಜನ್ನು ಹೊದಿಸುವ ಮುನ್ನ ಗೃಹಸ್ಥರು ಇದನ್ನು ನೆನೆಯಬೇಕು. ಗಾಜಿನ ನಾರು, ರಾಕ್‌ವೂಲ್ ಎಂಬ ಶಿಲೆಯ ನಾರು ಇವು ಸುಲಭವಾಗಿ ಉರಿಯವು. ಬಟ್ಟೆಯ ಮರೆಯಲ್ಲಿ ಚೌಕಟ್ಟು ಕಟ್ಟಿ ನಿಲ್ಲಿಸಿದರೆ ಹೀರುವ ಕೆಲಸವನ್ನು ಚೆನ್ನಾಗಿ ಮಾಡುತ್ತವೆ.

ಇಷ್ಟು ವೆಚ್ಚ ಸಾಧ್ಯವಿಲ್ಲದವರು ಮೊದಲು ಬಾಗಿಲು ಕಿಟಕಿಗಳ ಸಂದುಗಳನ್ನು ರಬ್ಬರಿನ ಪಟ್ಟಿಯಿಂದ ಮುಚ್ಚಲಿ. ದಪ್ಪ ಕಂಬಳಿಯನ್ನು ಗೋಡೆಗೆ ಒತ್ತದೆ ಒಂದು ಗೇಣು ದೂರದಲ್ಲಿ ತೂಗಹಾಕಿದರೆ ಕೆಳಗಿನ ಸ್ವರಗಳನ್ನೂ ಅದು ಹೆಚ್ಚಾಗಿ ಹೀರುವುದು. ಬಳಿಕ ವೇಳೆಯನ್ನು ಆಯ್ದುಕೊಳ್ಳಬೇಕು. ಸ್ಯಾಬಿನ್ನರೂ ಟ್ರಾಮುಗಳು ನಿಂತ ನಡುರಾತ್ರಿಯ ಮೇಲೆಯೇ ಕೆಲಸಕ್ಕೆ ತೊಡಗುತ್ತಿದ್ದರು. ಹಾಡು ಮುಗಿಯುವವರೆಗೆ ಚಾವಣಿಯ ಬೀಸಣಿಗೆ ನಿಂತಿರಲಿ.