ಕಡಲಾಚೆಯಿಂದ ಬಂದ ಕನ್ನಡ ಪ್ರಾರ್ಥನೆ

ಭಾರತದಲ್ಲಿ ರೇಡಿಯೊ ಪ್ರಸಾರವು ದಶಕಗಳ ಕಾಲ ಆಕಾಶವಾಣಿಯ ಕೈಯಲ್ಲೇ ಇದ್ದುದರಿಂದ, ಬೈಬಲ್ ವ್ಯಾಖ್ಯಾನವನ್ನೂ ಸಾಂತ್ವನದ ಮಾತುಗಳನ್ನೂ ನಿತ್ಯ ಕೇಳಿಸಬಯಸಿದ ಕ್ರೈಸ್ತ ಸಂಸ್ಥೆಗಳು ಹೊರನಾಡಿನ ಕೇಂದ್ರಗಳನ್ನು ಆಶ್ರಯಿಸಬೇಕಾಯಿತು. ಸೇಶೆಲ್ಸ್ ದ್ವೀಪಸಮೂಹದಲ್ಲಿದ್ದ ಫೀಬಾ ಎಂಬ ಕ್ರೈಸ್ತ ರೇಡಿಯೊ ಸಂಸ್ಥೆಯ ಕೇಂದ್ರವು 1970ರಿಂದ 2003ರವರೆಗೆ ಹಿಂದೂ ಮಹಾಸಾಗರದ ಸುತ್ತಲಿನ ಹಲವು ಭಾಷೆಗಳಲ್ಲಿ ಮಾತನಾಡಿತು. ಅವುಗಳಲ್ಲಿ ಕನ್ನಡವೂ ಒಂದು.

ಫೀಬಾದ ಆಂಟೆನಾ ಗೋಪುರಗಳು ಸೇಶೆಲ್ಸ್‌ನ ಮಾಹೆ ದ್ವೀಪದ ಅಂಚಿನ ಹವಳದ ದಿಬ್ಬದ ಮೇಲೆ ನಿಂತಿದ್ದವು. ಅವುಗಳ ಬುಡದ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತರಂಗಗಳ ಹಬ್ಬುವಿಕೆಗೆ ನೆರವಾಗುತ್ತಿತ್ತು. ಹ್ರಸ್ವತರಂಗ, ಅಂದರೆ ಶಾರ್ಟ್‌ವೇವ್, ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ ಮರಳಿ ನೆಲಕ್ಕಿಳಿಯುತ್ತದೆ. ಎಫ್‌.ಎಂ. ತರಂಗವನ್ನು ತಡೆಯುವ ಗುಡ್ಡಗಳು ಮೇಲಿನಿಂದ ಇಳಿದುಬರುವ ಈ ತರಂಗಕ್ಕೆ ಅಷ್ಟಾಗಿ ಅಡ್ಡಿಯಾಗುವುದಿಲ್ಲವಾದ್ದರಿಂದ ಕೊಪ್ಪ, ಶೃಂಗೇರಿ, ಬೇಗಾರಿನಂಥ ಮಲೆನಾಡಿನ ಕಣಿವೆಗಳಿಗೂ ಅದು ತಲುಪಬಲ್ಲದು.

ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಕ್ರೈಸ್ತ ಕುಟುಂಬಗಳಿರುವ ಈ ಸೀಮೆಯಲ್ಲಿ ಒಂಟಿ ಮನೆಗಳೇ ಹೆಚ್ಚು. ಮಳೆಗಾಲದಲ್ಲಿ ಹಳ್ಳ ಉಕ್ಕಿ ಇಗರ್ಜಿಯ ದಾರಿ ಕಡಿದಾಗ, ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೆ ಬ್ಯಾಟರಿ ರೇಡಿಯೊದ ಪ್ರಾರ್ಥನೆ ಎಂಥ ಆಸರೆಯಾಗಬಲ್ಲದೆಂಬುದನ್ನು ಯಾವ ಅಂಕಿಯೂ ಅಳೆಯಲಾರದು. ಫೀಬಾದ ಸೇಶೆಲ್ಸ್ ಕೇಂದ್ರ ಮುಚ್ಚಿದ ಮೇಲೆ ಇಂಥ ಕಾರ್ಯಕ್ರಮಗಳು ಅಂತರ್ಜಾಲಕ್ಕೂ ಮೊಬೈಲಿಗೂ ವಿಸ್ತರಿಸಿವೆ. ಆದರೆ ಸಿಗ್ನಲ್ ಸಿಗದ ಕಣಿವೆಗಳಿಗೆ ಅವು ಇನ್ನೂ ದೂರವೇ.